ಎರಡು ನದಿಗಳ ನಡುವೆ ಇದ್ದರೂ ರಾಯಚೂರಿನ ಜನಸಾಂದ್ರತೆ ಏಕೆ ಕಡಿಮೆ?

ಪ್ರಶ್ನೆ: ಲಿಂಗಸುಗೂರಿನ ಒಬ್ಬ ಪಾಲಕ

ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ಭೂಗೋಳ ಓದುತ್ತಿದ್ದಾಳೆ. ಸಮತಟ್ಟಾದ ನೆಲ, ನದಿ ಬಯಲು, ಫಲವತ್ತಾದ ಮಣ್ಣು ಇರುವ ಕಡೆ ಜನ ಒತ್ತಾಗಿ ನೆಲೆಸುತ್ತಾರೆ ಎಂದು ಅವಳ ಪಾಠದಲ್ಲಿದೆ. ಕಿರು ಯೋಜನೆಗೆ ನಮ್ಮ ಜಿಲ್ಲೆಯನ್ನೇ ಆರಿಸಿಕೊಂಡು 2011ರ ಜನಗಣತಿಯ ಅಂಕಿಗಳನ್ನು ಬರೆದುಕೊಂಡಳು. ರಾಯಚೂರು ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 228 ಜನ, ಇಡೀ ಕರ್ನಾಟಕದ ಸರಾಸರಿ 319. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎರೆ ಹೊಲ. ಇಷ್ಟೆಲ್ಲ ಇದ್ದೂ ಜನ ಕಡಿಮೆ ಏಕೆ, ಪಾಠ ತಪ್ಪೋ ಅಂಕಿ ತಪ್ಪೋ ಎಂದು ಕೇಳಿದಳು. ನಾನು ಓದಿದ್ದು ವಾಣಿಜ್ಯ, ಉತ್ತರ ಹೇಳಲಾಗಲಿಲ್ಲ.

ಇನ್ನೊಂದು ಸಂಶಯವೂ ಇದೆ. ಅದೇ ಗಣತಿಯಲ್ಲಿ ಜಿಲ್ಲೆಯ ಲಿಂಗಾನುಪಾತ ಸಾವಿರ ಗಂಡಸರಿಗೆ ಸಾವಿರ ಹೆಂಗಸರು ಎಂದಿದೆ. ಆದ್ದರಿಂದ ಇಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಅವಳು ಬರೆಯಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಭೂಗೋಳ ಉಪನ್ಯಾಸಕ, ರಾಯಚೂರು

ಪಾಠವೂ ತಪ್ಪಲ್ಲ, ಅಂಕಿಯೂ ತಪ್ಪಲ್ಲ. ಮಗಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಏಕೆಂದರೆ ಇದೊಂದನ್ನು ಬಿಡಿಸಿಕೊಂಡರೆ ಪ್ರಾಕೃತಿಕ ಭೂಗೋಳಕ್ಕೂ ಜನಸಂಖ್ಯಾ ಭೂಗೋಳಕ್ಕೂ ಇರುವ ನಂಟು ತಾನಾಗಿ ಅರ್ಥವಾಗುತ್ತದೆ.

ಮೊದಲು ಹೋಲಿಕೆಯನ್ನು ಸರಿಪಡಿಸಿಕೊಳ್ಳೋಣ. ರಾಜ್ಯದ ಸರಾಸರಿಯನ್ನು ಬೆಂಗಳೂರು ನಗರ ಜಿಲ್ಲೆಯೊಂದೇ ಬಹಳ ಮೇಲಕ್ಕೆತ್ತಿದೆ. 2011ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ 4,381 ಜನರಿದ್ದರು. ಆ ಜಿಲ್ಲೆಯ ಜನರನ್ನೂ ನೆಲವನ್ನೂ ರಾಜ್ಯದ ಲೆಕ್ಕದಿಂದ ತೆಗೆದು ಭಾಗಿಸಿ ನೋಡಿದರೆ ಉಳಿದ ಕರ್ನಾಟಕದ ಸಾಂದ್ರತೆ ಸುಮಾರು 271ಕ್ಕೆ ಇಳಿಯುತ್ತದೆ. ಅದರ ಪಕ್ಕದಲ್ಲಿ ನಮ್ಮ 228 ಕಡಿಮೆಯೇ ಆದರೂ ಅಷ್ಟೇನೂ ದೂರವಿಲ್ಲ. ಮಗಳು ಈ ಭಾಗಾಕಾರವನ್ನು ತನ್ನ ಕೈಯಿಂದಲೇ ಮಾಡಿ ನೋಡಲಿ, ಸರಾಸರಿ ಎಂಬುದು ಹೇಗೆ ದಾರಿ ತಪ್ಪಿಸಬಲ್ಲದು ಎಂಬುದು ಆಗ ಮರೆಯುವುದಿಲ್ಲ.

ಇನ್ನು ನದಿಗಳ ವಿಚಾರ. ಹಳಗನ್ನಡದ ಶಾಸನಗಳು ನಮ್ಮ ಸೀಮೆಯನ್ನು ಎಡೆದೊರೆ ನಾಡು ಎನ್ನುತ್ತವೆ, ಎಂದರೆ ಎರಡು ತೊರೆಗಳ ಎಡೆಯ ನಾಡು. ಆದರೆ ಇದು ಗಂಗಾ ಬಯಲಿನಂಥ ನದಿ ಬಯಲಲ್ಲ. ಅಲ್ಲಿ ನದಿ ಹೊತ್ತು ತಂದ ಮೆಕ್ಕಲು ನೂರಾರು ಅಡಿ ದಪ್ಪ ಕೂತಿದೆ, ಅದರೊಳಗೆ ನೀರು ಸ್ಪಂಜಿನಲ್ಲಿ ನಿಂತಂತೆ ನಿಲ್ಲುತ್ತದೆ. ನಮ್ಮಲ್ಲಿ ಮಣ್ಣಿನ ಕೆಳಗಿರುವುದು ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಕಲ್ಲು, ಅದರ ವಯಸ್ಸು 250 ಕೋಟಿ ವರ್ಷದ ಆಸುಪಾಸು. ಆ ಕಲ್ಲಿನ ಬಿರುಕುಗಳಲ್ಲಿ ಎಷ್ಟು ನೀರು ಸೇರಿತೋ ಅಷ್ಟೇ ಬಾವಿಗೆ, ಬೋರಿಗೆ. ಒಂದೇ ಹೊಲದಲ್ಲಿ ಒಂದು ಬೋರು ತುಂಬಿ ಬಂದು, ಮಾರು ದೂರದ ಇನ್ನೊಂದು ಬರೀ ಪುಡಿ ಕಾರುವುದು ಇದೇ ಕಾರಣಕ್ಕೆ. ನದಿಯಾದರೂ ಕಲ್ಲು ಕೊರೆದುಕೊಂಡು ಹೊಲಕ್ಕಿಂತ ಕೆಳಗೆ ಹರಿಯುತ್ತದೆ. ಎತ್ತಿ ತರದೆ, ಕಾಲುವೆ ತೋಡದೆ ಅದು ಹೊಲಕ್ಕೆ ಹತ್ತುವುದಿಲ್ಲ.

ಮಳೆಯನ್ನೂ ನೋಡಬೇಕು. ನೈರುತ್ಯ ಮಾರುತಗಳು ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಅಲ್ಲೇ ಮಳೆ ಸುರಿಸುತ್ತವೆ. ಘಟ್ಟ ಇಳಿದು ಪೂರ್ವಕ್ಕೆ ಬರುವ ಹೊತ್ತಿಗೆ ಆ ಗಾಳಿಯಲ್ಲಿ ತೇವವೂ ಕಡಿಮೆಯಾಗಿರುತ್ತದೆ, ಇಳಿಯುವ ಗಾಳಿ ಬಿಸಿಯೂ ಆಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆಯಾದರೆ ನಮ್ಮಲ್ಲಿ 600ರ ಸುಮಾರು. ತುಂಗಭದ್ರೆಯಲ್ಲಿ ಹರಿಯುವುದು ಬಹುಪಾಲು ಮಲೆನಾಡಿನ ಮಳೆಯೇ ಹೊರತು ನಮ್ಮ ಮಳೆಯಲ್ಲ.

ಹಾಗೆಂದು ಮಳೆ ಹೆಚ್ಚಿದಲ್ಲಿ ಜನ ಹೆಚ್ಚು ಎಂದು ಬರೆಯಲು ಹೋಗಬೇಡಿ. ಕೊಡಗಿನ ಸಾಂದ್ರತೆ 135, ಉತ್ತರ ಕನ್ನಡದ್ದು 140. ಅಲ್ಲಿ ಮಳೆಯುಂಟು, ಆದರೆ ಕಾಡು ಮತ್ತು ಕಡಿದಾದ ಇಳಿಜಾರು ಉಳುಮೆಗೆ ನೆಲ ಬಿಡುವುದಿಲ್ಲ. ಆದ್ದರಿಂದಲೇ ಭೂಗೋಳದಲ್ಲಿ ಸಾಂದ್ರತೆಯನ್ನು ಒಂದೇ ಬಗೆಯಲ್ಲಿ ಅಳೆಯುವುದಿಲ್ಲ. ಒಟ್ಟು ಜನರನ್ನು ಒಟ್ಟು ನೆಲದಿಂದ ಭಾಗಿಸಿದರೆ ಬರುವುದು ಅಂಕಗಣಿತ ಸಾಂದ್ರತೆ, ಮಗಳು ಬರೆದುಕೊಂಡದ್ದು ಅದು. ಅದೇ ಜನರನ್ನು ಸಾಗುವಳಿ ನೆಲದಿಂದ ಮಾತ್ರ ಭಾಗಿಸಿದರೆ ನೆಲದ ಮೇಲಿನ ನಿಜವಾದ ಭಾರ ತಿಳಿಯುತ್ತದೆ. ಕಾಡು ಹೆಚ್ಚಿರುವ ಜಿಲ್ಲೆಯಲ್ಲಿ ಈ ಎರಡನೆಯ ಅಂಕಿ ಮೊದಲನೆಯದರ ಹಲವು ಪಟ್ಟಾಗುತ್ತದೆ; ನಮ್ಮಂಥ ಬಯಲು ಜಿಲ್ಲೆಯಲ್ಲಿ ಎರಡರ ನಡುವಿನ ಅಂತರ ಅಷ್ಟು ದೊಡ್ಡದಿರುವುದಿಲ್ಲ.

ಉತ್ತರ 2: ಸಿಂಧನೂರು ತಾಲ್ಲೂಕಿನ ರೈತ

ಉಪನ್ಯಾಸಕರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಜಿಲ್ಲೆಗೊಂದು ಸಾಂದ್ರತೆ ಬರೆದು ಬಿಟ್ಟರೆ ಜಿಲ್ಲೆಯೊಳಗಿನ ವ್ಯತ್ಯಾಸ ಮುಚ್ಚಿಹೋಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಚಿತ್ರವೇ ಬದಲಾಯಿತು. ನಮ್ಮ ಅಜ್ಜನ ಕಾಲಕ್ಕೆ ಬಿಳಿಜೋಳ ಬಿತ್ತುತ್ತಿದ್ದ ಎರೆಯಲ್ಲಿ ಈಗ ಭತ್ತ ನಿಂತಿದೆ. ಆಂಧ್ರದ ಕರಾವಳಿಯಿಂದ ಬಂದ ರೈತ ಕುಟುಂಬಗಳು ಕಾಲುವೆಯ ಅಂಚಿಗೆ ಜಮೀನು ಕೊಂಡು ನೆಲೆಸಿದವು. ಅವರ ಊರುಗಳಿಗೆ ಇಂದಿಗೂ ಹೆಸರಿನ ಕೊನೆಯಲ್ಲಿ ಕ್ಯಾಂಪ್ ಎಂದೇ ಇದೆ. ಬಸ್ಸಿನಲ್ಲಿ ಸಿಂಧನೂರಿನಿಂದ ಗಂಗಾವತಿಗೆ ಹೋಗುವಾಗ ಮಗಳು ಫಲಕಗಳನ್ನು ಓದುತ್ತಾ ಹೋಗಲಿ. ವಲಸೆಯ ನಕ್ಷೆ ರಸ್ತೆಯ ಮಗ್ಗುಲಲ್ಲೇ ಬರೆದಿದೆ.

ಆದರೆ ನೀರು ಬಂದದ್ದೆಲ್ಲ ಲಾಭವೇ ಆಯಿತು ಎಂದು ಬರೆಯಬಾರದು. ಎರೆ ಮಣ್ಣಿನ ಗುಣ ಬೇರೆ. ಏಪ್ರಿಲ್‌ನಲ್ಲಿ ನನ್ನ ಒಣ ಹೊಲದ ಬಿರುಕಿನೊಳಗೆ ಬಾರುಕೋಲು ಇಳಿಬಿಟ್ಟರೆ ಮೊಳದ ಮೇಲೆ ಇಳಿಯುತ್ತದೆ; ಮೊದಲ ಮಳೆಗೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿ, ಮತ್ತೆ ನೀರು ಕೆಳಗಿಳಿಯಗೊಡುವುದಿಲ್ಲ. ತೇವ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿ ಜೋಳ ಬರೀ ನೆಲದ ಹಸಿಯ ಮೇಲೆ ಬೆಳೆಯುತ್ತಿತ್ತು. ಅದೇ ಮಣ್ಣಿನಲ್ಲಿ ವರ್ಷಕ್ಕೆ ಎರಡು ಬಾರಿ ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ ಎಷ್ಟೋ ಜಮೀನು ಸವಳು-ಜವಳಾಗಿದೆ. ನನ್ನ ಎರಡು ಎಕರೆಯಲ್ಲಿ ಬೇಸಿಗೆಗೆ ಬೂದಿ ಚೆಲ್ಲಿದಂತೆ ಬಿಳಿ ಉಪ್ಪು ಮೇಲೆ ಬರುತ್ತದೆ, ಅಲ್ಲಿ ಹುಲ್ಲೂ ಏಳುವುದಿಲ್ಲ. ಕಾಲುವೆಯ ಕೊನೆಯ ಭಾಗದವರಿಗೆ ನೀರೇ ಸರಿಯಾಗಿ ತಲುಪುವುದಿಲ್ಲ. ಜಲಾಶಯವೂ ಮೊದಲಿನದಲ್ಲ, ಹೂಳು ತುಂಬಿ 133 ಟಿಎಂಸಿಯ ಸಾಮರ್ಥ್ಯ 105ರ ಸುಮಾರಿಗೆ ಬಂದಿದೆ. ನೆಲ ಎಷ್ಟು ಜನರನ್ನು ಸಾಕಬಲ್ಲದು ಎಂಬುದು ಒಮ್ಮೆ ಬರೆದಿಟ್ಟ ಲೆಕ್ಕವಲ್ಲ.

ಉತ್ತರ 3: ಕುಷ್ಟಗಿಯ ಶಿಕ್ಷಕಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, 2011ರಲ್ಲಿ ನಾನೇ ಗಣತಿದಾರಳಾಗಿ ಮನೆ ಮನೆ ತಿರುಗಿದ್ದೇನೆ.

ಆ ಸಾಲಿನ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ನಮ್ಮ ಒಣಭೂಮಿ ಊರುಗಳಲ್ಲಿ ಸುಗ್ಗಿ ಮುಗಿದು ಜನ ಗುಳೆ ಹೋಗುವ ಕಾಲವೂ ಅದೇ. ಒಂದು ಓಣಿಯಲ್ಲಿ ಸಾಲಾಗಿ ಬೀಗ ಹಾಕಿದ ಬಾಗಿಲುಗಳು. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಕೂಡಿಸಿಕೊಂಡಿದ್ದಳು. "ಎಲ್ಲಾರೂ ಗುಳೆ ಹೋಗ್ಯಾರವ್ವ, ಯುಗಾದಿಗೆ ಬರ್ತಾರ" ಎಂದಳು. ಎಣಿಕೆಯ ಅವಧಿಯುದ್ದಕ್ಕೂ ಮನೆಯಿಂದ ದೂರವಿದ್ದವರನ್ನು ಅವರ ಊರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವರು ಎಲ್ಲಿ ಇದ್ದಾರೋ ಅಲ್ಲಿಯೇ ಎಣಿಸಬೇಕು ಎಂಬುದು ನಿಯಮ. ಹಾಗಾಗಿ ನನ್ನ ಪಟ್ಟಿಯಲ್ಲಿ ಆ ಮನೆಗೆ ಬಂದದ್ದು ಮೂರೇ ಹೆಸರು. ಉಳಿದವರು ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗೆ ಹಾಕಿಕೊಂಡ ಶೆಡ್ಡಿನಲ್ಲಿ ಎಣಿಕೆಗೆ ಸಿಕ್ಕಿರಬೇಕು, ಸಿಕ್ಕಿರಲಿ ಎಂದು ಇಂದಿಗೂ ಹಾರೈಸುತ್ತೇನೆ.

ದುಡಿಯಲು ಹೋಗುವವರಲ್ಲಿ ಗಂಡಸರು ಹೆಚ್ಚಿದ್ದರೆ ಹಿಂದೆ ಉಳಿದ ಊರಿನ ಲಿಂಗಾನುಪಾತ ತಾನೇ ಏರುತ್ತದೆ. ಹೆಂಗಸರ ಆಯುಸ್ಸು ಸರಾಸರಿಯಲ್ಲಿ ಹೆಚ್ಚಿರುವುದೂ ಆ ಅಂಕಿಯೊಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಸಾವಿರಕ್ಕೆ ಸಾವಿರ ಎಂಬುದನ್ನು ಸಮಾನತೆಯ ಸಾಕ್ಷಿ ಎಂದು ಮಗಳು ಬರೆಯದಿರಲಿ. ಭೇದವನ್ನು ಹುಡುಕಬೇಕಾದದ್ದು 0ರಿಂದ 6 ವರ್ಷದ ಮಕ್ಕಳ ಲಿಂಗಾನುಪಾತದಲ್ಲಿ, ಏಕೆಂದರೆ ಅಷ್ಟು ಚಿಕ್ಕ ಮಕ್ಕಳು ಒಂಟಿಯಾಗಿ ದುಡಿಯಲು ಹೋಗುವುದಿಲ್ಲ. 2011ರಲ್ಲಿ ಕರ್ನಾಟಕದ ಒಟ್ಟು ಲಿಂಗಾನುಪಾತ 973 ಇದ್ದಾಗ ಮಕ್ಕಳದ್ದು 948 ಮಾತ್ರ ಇತ್ತು. ಸಾಕ್ಷರತೆಯನ್ನೂ ಜೊತೆಗಿಟ್ಟು ನೋಡಬೇಕು. ಅದೇ ರಾಯಚೂರಿನಲ್ಲಿ ಏಳು ವರ್ಷ ಮೀರಿದವರ ಸಾಕ್ಷರತೆ ಶೇ. 60ನ್ನೂ ಮುಟ್ಟಿರಲಿಲ್ಲ, ಅದರಲ್ಲಿ ಹೆಂಗಸರದು ಇನ್ನೂ ಕೆಳಗಿತ್ತು.

ಪಾಲಕರ ಮರುಪ್ರಶ್ನೆ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗಳು ಕೂತು ಎರಡೆರಡು ಸಲ ಓದಿದಳು, ಯೋಜನೆಯ ಹೆಸರನ್ನೇ ಬದಲಿಸಿ "ಗುಳೆ ಮತ್ತು ಕಾಲುವೆ" ಎಂದು ಇಟ್ಟಿದ್ದಾಳೆ. ಸಾಗುವಳಿ ನೆಲದ ಮೇಲಿನ ಸಾಂದ್ರತೆಯನ್ನು ತಾನೇ ಲೆಕ್ಕ ಹಾಕಬೇಕೆನ್ನುತ್ತಾಳೆ. ಆ ನೆಲದ ಅಂಕಿ ಎಲ್ಲಿ ಸಿಗುತ್ತದೆ?

ಉತ್ತರ 4: ನಿವೃತ್ತ ಭೂಗೋಳ ಉಪನ್ಯಾಸಕ, ರಾಯಚೂರು

ಜಿಲ್ಲಾ ಸಂಖ್ಯಾಸಂಗ್ರಹಣಾ ಕಚೇರಿ ಹೊರತರುವ ಜಿಲ್ಲೆಯ ಅಂಕಿಅಂಶಗಳ ಪುಸ್ತಕದಲ್ಲಿ ತಾಲ್ಲೂಕುವಾರು ನಿವ್ವಳ ಬಿತ್ತನೆ ಪ್ರದೇಶ ಇರುತ್ತದೆ. ಬಿತ್ತನೆಯ ಒಟ್ಟು ಪ್ರದೇಶವನ್ನು ತೆಗೆದುಕೊಂಡರೆ ಎರಡು ಬೆಳೆ ತೆಗೆಯುವ ಸಿಂಧನೂರಿನ ನೆಲ ಎರಡು ಸಲ ಎಣಿಕೆಯಾಗಿಬಿಡುತ್ತದೆ, ಆದ್ದರಿಂದ ನಿವ್ವಳವನ್ನೇ ಆರಿಸಿಕೊಳ್ಳಲಿ. ಅಂಕಿ ಹೆಕ್ಟೇರಿನಲ್ಲಿರುತ್ತದೆ; 100 ಹೆಕ್ಟೇರಿಗೆ ಒಂದು ಚದರ ಕಿಲೋಮೀಟರ್. ಜನಸಂಖ್ಯೆ 2011ರದ್ದಾದರೆ ನೆಲದ ಅಂಕಿಯೂ ಆ ವರ್ಷದ್ದೇ ಇರಬೇಕು. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಅದರ ಅಂಕಿ ಬಂದಾಗ ಲಿಂಗಸುಗೂರು ಮತ್ತು ಸಿಂಧನೂರು ತಾಲ್ಲೂಕುಗಳೆರಡನ್ನೂ ಇದೇ ಕ್ರಮದಲ್ಲಿ ಮತ್ತೊಮ್ಮೆ ಲೆಕ್ಕ ಹಾಕಲು ಈ ಹಾಳೆಗಳನ್ನು ಅವಳು ಎತ್ತಿಟ್ಟುಕೊಳ್ಳಲಿ.