ಗರ್ಭಕಂಠ, ನರಹುಲಿ: ಗಂಡುಹುಡುಗರ ಲಸಿಕೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಗನ ಶಾಲೆಯ ಪೋಷಕರಿಗೆ ಹಂಚಲು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮ ವೈರಸ್) ಲಸಿಕೆ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

ಪತ್ರಿಕೆಗಳಲ್ಲಿ ಬರುವ ಹಾಗೆ ನಾನೂ "ಗರ್ಭಕಂಠದ ಕ್ಯಾನ್ಸರ್ ಲಸಿಕೆ" ಎಂದೇ ಬರೆದೆ. ಅತ್ತಿಗೆ ಓದಿ ಕೇಳಿದ್ದು ಎರಡೇ ಮಾತು: "ಕಂಠ ಅಂದ್ರೆ ಗಂಟಲಲ್ವಾ? ಗಂಡುಹುಡುಗನಿಗೆ ಗರ್ಭ ಎಲ್ಲಿಂದ ಬಂತು?"

ಎರಡರಲ್ಲೂ ಹುರುಳಿದೆ. ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗಕ್ಕೆ ಇಂಗ್ಲಿಷ್‌ನಲ್ಲಿ ಸರ್ವಿಕ್ಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಸರ್ವಿಕ್ಸ್ ಅಂದರೆ ಕತ್ತು, ಹಾಗಾಗಿ ಗರ್ಭಕಂಠ ತಪ್ಪೇನಲ್ಲ. ಆದರೆ ಕಂಠಪಾಠ, ಇಂಪಾದ ಕಂಠ, ಕಂಠಪೂರ್ತಿ ಕುಡಿದವನು ಅಂತ ದಿನವೂ ಕೇಳುವ ನಮಗೆ ಕಂಠ ಅಂದಕೂಡಲೇ ನೆನಪಾಗುವುದು ಗಂಟಲೇ. ನನಗಂತೂ 'ಗರ್ಭಕೊರಳು' ಹೆಚ್ಚು ಹಿಡಿಸುತ್ತದೆ. ಇನ್ನೊಂದು ತೊಡಕು ನೋಡಿ: ಗರ್ಭಕೊರಳಿಗೆ ಕ್ಯಾನ್ಸರ್ ತರುವ ಇದೇ ಎಚ್‌ಪಿವಿ ವೈರಸ್ ನಿಜವಾದ ಗಂಟಲಿಗೂ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡಕ್ಕೂ ಕ್ಯಾನ್ಸರ್ ತರುತ್ತದೆ, ಅದು ಗಂಡಸರಲ್ಲೇ ಜಾಸ್ತಿ. ಗುದದ್ವಾರ, ಶಿಶ್ನದ ಕ್ಯಾನ್ಸರ್ ಬೇರೆ. ವೈರಸ್ ಎಲ್ಲರದ್ದು, ಹೆಸರು ಮಾತ್ರ ಹೆಂಗಸರ ಪಾಲಿಗೆ ಬಂದಿದೆ. 2023ರಲ್ಲಿ ಮಾರುಕಟ್ಟೆಗೆ ಬಂದ ಪುಣೆಯ ಸರ್ವಾವ್ಯಾಕ್ ಲಸಿಕೆಯನ್ನು ಹುಡುಗರಿಗೂ ಕೊಡಬಹುದು, ಆದರೆ ಅದರ ಹೆಸರಲ್ಲೂ ಸರ್ವಿಕ್ಸಿನ ನೆರಳು ಕಾಣುತ್ತದೆ!

'ನರಹುಲಿ ವೈರಸ್' ಅನ್ನೋಣವೇ ಅಂತಲೂ ಯೋಚಿಸಿದೆ. ಪ್ಯಾಪಿಲೋಮ ಅಂದರೆ ತೊಟ್ಟಿನಂತೆ ಮೂಡುವ ಗಂಟು, ನಮ್ಮ ನರಹುಲಿಯೂ ಅಂಥದ್ದೇ. ಆದರೆ ಬೆರಳಿನ ನರಹುಲಿ ತರುವ ತಳಿಗಳೇ ಬೇರೆ. ಸರ್ವಾವ್ಯಾಕ್ ತಡೆಯುವುದು ಈ ವೈರಸ್ಸಿನ 6, 11, 16, 18ನೇ ತಳಿಗಳನ್ನು. ಮೊದಲೆರಡು ಜನನಾಂಗದ ನರಹುಲಿಗೆ ಕಾರಣ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಸುಮಾರು ಶೇ. 70ರಷ್ಟು ಬರುವುದು ಕೊನೆಯೆರಡರಿಂದ. ಮೇಲಾಗಿ ನಮ್ಮಜ್ಜಿ ಕುದುರೆ ಬಾಲದ ಕೂದಲು ಬಿಗಿದು ನರಹುಲಿ ಉದುರಿಸುತ್ತಿದ್ದರು, ಅಂಥ ನರಹುಲಿಗೆ ಯಾರು ಸೂಜಿ ಚುಚ್ಚಿಸಿಕೊಳ್ಳುತ್ತಾರೆ?

'ಕ್ಯಾನ್ಸರ್ ತಡೆ ಲಸಿಕೆ' ಅಂದರೆ ಎಲ್ಲ ಕ್ಯಾನ್ಸರಿಗೂ ಆಯಿತು ಅಂತ ಜನ ನಂಬಿಬಿಡಬಹುದು. ಲಸಿಕೆ ಹಾಕಿಸಿಕೊಂಡ ಹೆಂಗಸರೂ ಆಮೇಲೆ ತಪಾಸಣೆ ಮಾಡಿಸಲೇಬೇಕು, ಏಕೆಂದರೆ ಉಳಿದ ತಳಿಗಳು ಇದ್ದೇ ಇವೆ.

ಸುಮ್ನೆ 'ಎಚ್‌ಪಿವಿ ಲಸಿಕೆ' ಎಂದೇ ಬಿಡಲೇ? ಪೋಲಿಯೊ ಹಾಗೆ ಅದೂ ಬಾಯಿಗೆ ಕೂತೀತು. ಜೊತೆಗೆ, ನಿಮ್ಮ ಕಡೆ ನರಹುಲಿಗೆ ಏನಂತೀರಿ? ನಮ್ಮಲ್ಲಿ 'ನರೋಲಿ' ಅನ್ನುವವರೂ ಇದ್ದಾರೆ.