ಸಹಾಯ ಬೇಕು: ವಿಮ್‌ನಲ್ಲಿ ಕನ್ನಡ ಕೀಲಿಮಣೆ ಆನ್ ಇದ್ದಾಗ ಕಮಾಂಡ್ ಹಿಡಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಮ್ ಎಡಿಟರ್ ಹೊಸದಾಗಿ ಕಲಿಯುವವರಿಗೆ ಒಂದು ಪುಟದ ಕನ್ನಡ ಟಿಪ್ಪಣಿ ತಯಾರಾಗುತ್ತಿದೆ. ಶುರುವಿನ ಪಾಠ ಸುಲಭ: ಫೈಲ್ ತೆರೆದಾಗ ಇರುವುದು ಕೀಲಿಗಳು ಕಮಾಂಡ್ ಆಗಿ ಕೆಲಸ ಮಾಡುವ ನಾರ್ಮಲ್ ಮೋಡ್, ಐ ಒತ್ತಿದರೆ ಅಕ್ಷರ ಬರೆಯುವ ಇನ್ಸರ್ಟ್ ಮೋಡ್, ಎಸ್ಕೇಪ್ ಒತ್ತಿದರೆ ವಾಪಸ್. ಡಿ ಎರಡು ಸಲ ಒತ್ತಿದರೆ ಇಡೀ ಸಾಲು ಹೋಗುತ್ತದೆ, ಯು ಒತ್ತಿದರೆ ಮರಳಿ ಬರುತ್ತದೆ.

ತೊಂದರೆ ಇರುವುದು ಕನ್ನಡ ಬರೆದಾದ ಮೇಲೆ. ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಕೀಲಿಮಣೆಯ ಭಾಷೆ ಬದಲಿಸುವ ತಂತ್ರಾಂಶ) ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಆನ್ ಇದ್ದರೆ ಎಸ್ಕೇಪ್ ಒತ್ತಿದರೂ ಕೀಲಿಮಣೆ ಕನ್ನಡದಲ್ಲೇ ಉಳಿಯುತ್ತದೆ. ಕೆಳಗಿಳಿಯಲು ಜೆ ಒತ್ತಿದರೆ ವಿಮ್‌ಗೆ ತಲುಪುವುದು ರ, ಮೇಲೇರಲು ಕೆ ಒತ್ತಿದರೆ ಕ. ಕರ್ಸರ್ ಅಲ್ಲಾಡುವುದಿಲ್ಲ. ಕೋಲನ್ ಕೀಲಿಯಲ್ಲಿ ಛ ಬರುವುದರಿಂದ ಸೇವ್ ಮಾಡಿ ಹೊರಬರುವ ದಾರಿಯೂ ಮುಚ್ಚಿದಂತೆ. ಕಲಿಯುವವರು ಬೆದರಿ ಟರ್ಮಿನಲ್ಲನ್ನೇ ಮುಚ್ಚಿಬಿಡುತ್ತಾರೆ. ಬರೆದದ್ದು ಸೇವ್ ಆಗಿರುವುದಿಲ್ಲ.

ಲ್ಯಾಂಗ್‌ಮ್ಯಾಪ್‌ನಲ್ಲಿ (ಬೇರೆ ಭಾಷೆಯ ಅಕ್ಷರವನ್ನು ಕಮಾಂಡ್ ಕೀಲಿಗೆ ಹೊಂದಿಸುವ ವಿಮ್ ಸೆಟ್ಟಿಂಗ್) ರ ಅಂದರೆ ಜೆ, ಛ ಅಂದರೆ ಕೋಲನ್ ಎಂದು ಜೋಡಿಸಬಹುದು. ಆದರೆ ಅದು ಅರ್ಧ ಪರಿಹಾರ. ಕೋಲನ್ ಆದಮೇಲಿನ ಕಮಾಂಡ್ ಸಾಲಿಗೆ ಅದು ಅನ್ವಯಿಸುವುದಿಲ್ಲ, ಸೇವ್ ಮಾಡುವ ಡಬ್ಲ್ಯೂ ಬದಲು ಐತ್ವದ ಚಿಹ್ನೆ ಬಂದು ಕೂರುತ್ತದೆ. ಡಿ ಕೀಲಿಯಲ್ಲಿರುವುದಂತೂ ಬರೀ ಅರ್ಧಾಕ್ಷರದ ಚಿಹ್ನೆ.

ಇನ್ಸರ್ಟ್ ಮೋಡ್ ಬಿಟ್ಟ ಕೂಡಲೇ ಐಬಸ್ ತಾನಾಗಿ ಇಂಗ್ಲಿಷ್‌ಗೆ ಹೋಗಿ, ಮತ್ತೆ ಐ ಒತ್ತಿದಾಗ ಕನ್ನಡಕ್ಕೆ ಮರಳಬೇಕು. ಇನ್ಸರ್ಟ್‌ಲೀವ್, ಇನ್ಸರ್ಟ್‌ಎಂಟರ್ ಆಟೊಕಮಾಂಡ್‌ಗಳಲ್ಲಿ (ಇನ್ಸರ್ಟ್ ಮೋಡ್ ಬಿಟ್ಟಾಗ, ಸೇರಿದಾಗ ತಾನಾಗಿ ನಡೆಯುವ ಕಮಾಂಡ್) ಇದನ್ನು ಬರೆದು ದಿನವೂ ಬಳಸುತ್ತಿರುವವರು ನಿಮ್ಮ ವಿಮ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನ ಆ ನಾಲ್ಕು ಸಾಲು ದಯವಿಟ್ಟು ಹಾಕಿ. ಯಾವ ಡೆಸ್ಕ್‌ಟಾಪ್, ಪರದೆ ತೋರಿಸುವ ವ್ಯವಸ್ಥೆ ವೇಲ್ಯಾಂಡೋ ಎಕ್ಸ್ಆರ್ಗೋ ಅನ್ನುವುದನ್ನೂ ತಿಳಿಸಿ.