ಪ್ರವಾಹ, ಬೆಂಕಿ, ಭೂಕಂಪದ ಹೊತ್ತಲ್ಲಿ ಮೆಸೇಜುಗಳು ನಿಜವಾಗಿ ಕೆಲಸಕ್ಕೆ ಬರಬೇಕಾದರೆ ಏನು ಮಾಡಬೇಕು? ನಿಮ್ಮ ಅನುಭವ ಹೇಳಿ

ಕೇಳಿದವರು: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ಸಲ ನೀರು ನುಗ್ಗಿದಾಗ ಮೆಸೇಜಿಗೇನೂ ಕೊರತೆ ಇರಲಿಲ್ಲ. ಆದರೆ ಯಾವುದು ಈಗಿನದು, ಯಾವುದು ನಿನ್ನೆಯದು ಅಂತಲೇ ತಿಳಿಯುತ್ತಿರಲಿಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ, ಏನು ಉಪಯೋಗಕ್ಕೆ ಬಂತು ಹೇಳ್ತೀರಾ?

ಪರಿಹಾರ ಕೇಂದ್ರದಲ್ಲಿ ಫೋನ್ ನೋಡಿಕೊಂಡವರು: ಮೊದಲು ಸಮಯ ಬರೆಸಿ. ಉಳಿದದ್ದೆಲ್ಲ ಆಮೇಲೆ. ‘ಅಜ್ಜಿ ಸಿಕ್ಕಿಹಾಕಿಕೊಂಡಿದ್ದಾರೆ, ದಯವಿಟ್ಟು ಎಲ್ಲರಿಗೂ ಕಳಿಸಿ’ ಅಂತ ಬಂದರೆ ನಾವು ಏನೂ ಮಾಡೋಕಾಗಲ್ಲ. ನಮಗೆ ಬೇಕಾಗಿದ್ದು ಇಂಥದ್ದು: ‘ಮಂಗಳವಾರ ಬೆಳಿಗ್ಗೆ 7:40. ನೀರಿನ ಟ್ಯಾಂಕ್ ಎದುರು, ಹಸಿರು ಗೇಟ್, ಎರಡನೇ ಮಹಡಿ. 3 ಜನ. ಒಬ್ಬರಿಗೆ ನಡೆಯಲು ಆಗಲ್ಲ, ಇನ್ಸುಲಿನ್ ಬೇಕು.’ ಜೊತೆಗೆ ಲೊಕೇಶನ್ ಪಿನ್. ಇಷ್ಟಿದ್ದರೆ ದೋಣಿಯವರು ಮರುಪ್ರಶ್ನೆ ಕೇಳದೆ ಹೊರಡುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ, ಕೆಲಸ ಆದ ಮೇಲೆ ಅದೇ ಮೆಸೇಜಿಗೆ ರಿಪ್ಲೈ ಹಾಕುವುದು: ‘9:15, ಎಲ್ಲರೂ ಹೊರಗೆ ಬಂದರು, ಇನ್ನು ಹಂಚಬೇಡಿ.’ ಇದನ್ನು ಯಾರೂ ಮಾಡುವುದಿಲ್ಲ. ಜನ ಸುರಕ್ಷಿತವಾಗಿ ಸೇರಿದ ಮೇಲೂ ಮೆಸೇಜ್ ಎರಡು ದಿನ ಸುತ್ತುತ್ತಿರುತ್ತದೆ. ದೋಣಿ ಖಾಲಿ ಮನೆಗೆ ಹೋಗುತ್ತದೆ. ಅಷ್ಟು ಹೊತ್ತು ಇನ್ಯಾರೋ ಛಾವಣಿ ಮೇಲೆ ಕಾಯುತ್ತಿರುತ್ತಾರೆ, ಅಲ್ವಾ? ಮುಗಿದದ್ದನ್ನು ಮುಗಿಯಿತು ಅಂತ ಹೇಳುವುದಕ್ಕೇ ಒಬ್ಬರನ್ನು ಇಡಿ. ನನ್ನ ಪ್ರಕಾರ ಗುಂಪಿನ ಅತಿ ಮುಖ್ಯ ಕೆಲಸ ಅವರದ್ದೇ.

ಕೋವಿಡ್ ಸಮಯದಲ್ಲಿ ಪಟ್ಟಿ ಮಾಡುತ್ತಿದ್ದವರು: ಮೇಲಿನ ಮಾತು ನೂರಕ್ಕೆ ನೂರು ನಿಜ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಗುವ ಕಡೆಯ ಫೋನ್ ನಂಬರ್‌ಗಳು ಹೀಗೇ ಹರಿದಾಡಿದವು. ಬೆಳಿಗ್ಗೆ ಸಿಲಿಂಡರ್ ಇದ್ದ ಕಡೆ ಮಧ್ಯಾಹ್ನ ಇರುತ್ತಿರಲಿಲ್ಲ. ಬರೀ ‘ವೆರಿಫೈಡ್’ ಅಂದರೆ ಸಾಲದು, ಯಾವಾಗ ಕರೆ ಮಾಡಿ ಕೇಳಿದ್ದು ಅಂತಲೂ ಇರಬೇಕು. ಮೆಸೇಜ್ ಫಾರ್ವರ್ಡ್ ಮಾಡುವ ಬದಲು ಎಲ್ಲರೂ ನೋಡಬಹುದಾದ ಒಂದೇ ಆನ್‌ಲೈನ್ ಶೀಟ್ ಇಟ್ಟು ಅದರ ಲಿಂಕ್ ಕೊಡಿ. ಶೀಟ್ ತಿದ್ದಿದರೆ ಎಲ್ಲರಿಗೂ ಹೊಸದೇ ಕಾಣುತ್ತದೆ. ಫಾರ್ವರ್ಡ್ ಆದದ್ದನ್ನು ತಿದ್ದಲು ದಾರಿಯೇ ಇಲ್ಲ.

ಇನ್ನೊಂದು, ಸಹಾಯ ಕೇಳಿದವರ ನಂಬರ್ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಆಗ ನಂಬರ್ ಹಾಕಿದ ಹೆಣ್ಣುಮಕ್ಕಳಿಗೆ ಬೇಡದ ಕರೆಗಳು ಬಂದವು. ಸಂಕಟದಲ್ಲಿದ್ದವರಿಗೆ ಅದೊಂದು ಬೇರೆ ಹಿಂಸೆ. ನಂಬರ್ ಇಬ್ಬರು ಮೂವರ ಹತ್ತಿರ ಇದ್ದರೆ ಸಾಕು. ಕೆಲಸ ಮುಗಿದ ಮೇಲೆ ಅಳಿಸಿ.

ನಕ್ಷೆ ಕೆಲಸ ಮಾಡುವವರು: ದೂರದಲ್ಲಿ ಕೂತವರಿಂದಲೂ ತುಂಬಾ ಸಹಾಯ ಆಗುತ್ತದೆ. ಕೀನ್ಯಾದಲ್ಲಿ 2008ರ ಆರಂಭದಲ್ಲಿ, ಚುನಾವಣೆ ನಂತರದ ಗಲಭೆಯ ಹೊತ್ತಲ್ಲಿ, ಜನ ಕಳಿಸಿದ ಸುದ್ದಿಯನ್ನು ನಕ್ಷೆಯಲ್ಲಿ ಗುರುತಿಸಲು ಉಶಾಹಿದಿ ಅನ್ನುವ ಸಾಧನ ಕಟ್ಟಿದರು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಅದನ್ನೇ ಎತ್ತಿಕೊಂಡು ಬಳಸಿದರು. ಅಲ್ಲಿನವರು 4636ಕ್ಕೆ ಕ್ರಿಯೋಲ್ ಭಾಷೆಯಲ್ಲಿ ಎಸ್‌ಎಮ್‌ಎಸ್ ಕಳಿಸಿದರೆ, ಬೇರೆ ದೇಶಗಳಲ್ಲಿದ್ದ ಹೈಟಿಯವರು ಅದನ್ನು ಇಂಗ್ಲಿಷಿಗೆ ತಂದು ಜಾಗ ಹುಡುಕಿ ಕೊಟ್ಟರು. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆಯುವ ಆನ್‌ಲೈನ್ ನಕ್ಷೆ) ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ಬೀದಿಗಳನ್ನು ಬರೆದರು. ಒಂದು ಕಡೆ ಕಟ್ಟಿದ್ದು ಇನ್ನೊಂದು ಕಡೆ ಜೀವ ಉಳಿಸುವ ಕೆಲಸಕ್ಕೆ ಸಿಕ್ಕಿತು ನೋಡಿ! ಅದಕ್ಕೇ ನಿಮ್ಮ ಶೀಟನ್ನೂ ಬಿಸಾಡಬೇಡಿ. ಹೆಸರು, ನಂಬರ್ ತೆಗೆದು ಖಾಲಿ ನಮೂನೆ ಇಟ್ಟುಕೊಳ್ಳಿ, ಪಕ್ಕದ ಬಡಾವಣೆಯವರಿಗೂ ಕೊಡಿ.

ಇನ್ನೊಬ್ಬರು: ಸುಳ್ಳು ಸುದ್ದಿ ಬಗ್ಗೆ ಯಾರೂ ಹೇಳಲಿಲ್ಲ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್ ಷೇರುಪೇಟೆಯೊಳಗೆ 3 ಅಡಿ ನೀರು ನಿಂತಿದೆ ಅಂತ ಹಬ್ಬಿ, ಟಿವಿಯಲ್ಲೂ ಬಂತು. ನೀರು ನಿಂತೇ ಇರಲಿಲ್ಲ. 2011ರ ಪ್ರವಾಹದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪೊಲೀಸರು ‘ಮಿತ್‌ಬಸ್ಟರ್’ ಅನ್ನುವ ಹ್ಯಾಶ್‌ಟ್ಯಾಗ್ ಹಾಕಿ ಗಾಳಿಸುದ್ದಿಗಳಿಗೆ ಆಗಾಗಲೇ ಉತ್ತರ ಕೊಡುತ್ತಿದ್ದರು. ಆ ರೀತಿ ನನಗೆ ತುಂಬಾ ಹಿಡಿಸಿತು. ಸುಮ್ನೆ ಬೈದು ಡಿಲೀಟ್ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಚಿತ್ರ ಆಗಿದ್ದರೆ ಅದರ ಮೇಲೇ ದಪ್ಪಗೆ ‘ಸುಳ್ಳು’ ಅಂತ ಬರೆದು ಹಾಕಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೀಟ್ ಈ ವಾರವೇ ಮಾಡುತ್ತೇನೆ. ಆದರೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ?

ಪರಿಹಾರ ಕೇಂದ್ರದಲ್ಲಿ ಫೋನ್ ನೋಡಿಕೊಂಡವರು: ಶೀಟ್ ತಿದ್ದುವ ಹಕ್ಕು ಬೇರೆ ಊರಲ್ಲಿರುವ ಒಬ್ಬರಿಗೂ ಕೊಡಿ, ಅವರಿಗೆ ಕರೆಂಟ್ ಇರುತ್ತದೆ. ಸಿಗ್ನಲ್ ಕ್ಷೀಣವಾಗಿದ್ದಾಗ ಕರೆ ಹೋಗದಿದ್ದರೂ ಎಸ್‌ಎಮ್‌ಎಸ್ ಎಷ್ಟೋ ಸಲ ಹೋಗುತ್ತದೆ, ಅವರಿಗೆ ಅದನ್ನೇ ಕಳಿಸಿ. ಯಾವ ಬೀದಿಗೆ ಮೊದಲು ನೀರು ಬರುತ್ತದೆ, ಯಾರಿಗೆ ಡಯಾಲಿಸಿಸ್ ಇದೆ, ಜನರೇಟರ್ ಕೀಲಿ ಯಾರ ಹತ್ತಿರ ಇದೆ, ಇಷ್ಟನ್ನು ಕಾಗದದಲ್ಲೂ ಬರೆದು ಇಬ್ಬರ ಮನೆಯಲ್ಲಿ ಇಡಿ. ಒಂದಾದರೂ ಮೇಲಿನ ಮಹಡಿಯ ಮನೆ ಆಗಿರಲಿ.